ಒಂಬತ್ತನೇ ಕ್ಲಾಸು, ಒಂದೂವರೆ ಸಲ

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಈ ಮಾತನ್ನು ದನಿ ತಗ್ಗಿಸಿ ಹೇಳುವವರಿದ್ದಾರೆ. ನಾನು ಆ ಪೈಕಿಯವನಲ್ಲ. ಮದುವೆ ಮನೆಯಲ್ಲಿ, ಟೀ ಫ್ಯಾಕ್ಟರಿಯ ಬಾಗಿಲಲ್ಲಿ ಎಲೆ ಇಳಿಸಲು ಸರದಿ ಕಾಯುವಾಗ, ಸಂಜೆ ಹೊತ್ತು ನಮ್ಮ ಹಟ್ಟಿಯ ಕಲ್ಲುಕಟ್ಟೆಯ ಮೇಲೆ ಗಂಡಸರೆಲ್ಲ ಕೂತು ಬಿಸಿಲು ಕಾಯಿಸುವಾಗ, ಯಾರಾದರೂ ಓದಿನ ವಿಷಯ ತೆಗೆದರೆ ಸಾಕು, ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಒಂಬತ್ತಕ್ಕೆ ಬಿಟ್ಟೆ, ಯಾರೂ ಬಿಡಿಸಲಿಲ್ಲ, ಅಪ್ಪನ ಬೆನ್ನು ಬಗ್ಗುವುದನ್ನು ನೋಡಲಾಗದೆ ನಾನಾಗಿಯೇ ಬಿಟ್ಟೆ, ಈಗ ನೋಡಿ, ನನಗೇನು ಕಡಿಮೆಯಾಗಿದೆ ಅಂತ ಕೇಳುತ್ತಿದ್ದೆ. ಕೇಳಿದವರು ತಲೆಯಾಡಿಸುತ್ತಿದ್ದರು. ನಾಲ್ಕನೇ ಸಲ ಕೇಳುತ್ತಿದ್ದವರು ಕೂಡ ತಲೆಯಾಡಿಸುತ್ತಿದ್ದರು, ಅದು ಅವರ ದೊಡ್ಡತನ.

ಕಡಿಮೆಯೇನೂ ಆಗಿಲ್ಲ, ಅದು ನಿಜವೇ. ಎಮರಾಲ್ಡ್ ಅಣೆಕಟ್ಟೆಯ ನೀರು ಕಾಣುವ ಇಳಿಜಾರಿನಲ್ಲಿ ಚಹಾ ತೋಟವಿದೆ, ಅದರ ಕೆಳಗೆ ಕ್ಯಾರೆಟ್ ಬೆಳೆಯುವ ನಾಲ್ಕು ಮೆಟ್ಟಿಲು ಜಮೀನಿದೆ. ಪಿಕಪ್ ಗಾಡಿಯಿದೆ. ಮನೆಯ ಮುಂದಿನ ಕಲ್ಲುಗೋಡೆಯನ್ನು ನಾನೇ ಕಟ್ಟಿದ್ದು. ಮೂರು ಮಳೆಗಾಲ ಕಳೆದರೂ ಒಂದು ಕಲ್ಲು ಜರುಗಿಲ್ಲ. ಇನ್ನು ಈ ಬರವಣಿಗೆ. ನಮ್ಮ ಮನೆಮಾತು ಬಡಗ, ಶಾಲೆಯಲ್ಲಿ ಕಲಿಸಿದ್ದು ತಮಿಳು. ಕನ್ನಡದ ಅಕ್ಷರಗಳನ್ನು ನಾನು ಕಲಿತದ್ದು ತರಕಾರಿ ಲಾರಿಯ ಕ್ಲೀನರ್ ಸೀಟಿನಲ್ಲಿ. ಊಟಿಯಿಂದ ಮಸಿನಗುಡಿಗೆ ಇಳಿದು, ಕಾಡು ದಾಟಿ, ಗುಂಡ್ಲುಪೇಟೆ, ನಂಜನಗೂಡು, ಮೈಸೂರು. ದಾರಿಯ ಒಂದೊಂದು ಬೋರ್ಡೂ ನನಗೆ ಒಂದೊಂದು ಪಾಠ. ‘ಆನೆಗಳು ದಾಟುವ ಸ್ಥಳ, ನಿಧಾನವಾಗಿ ಚಲಿಸಿ’ ಎಂಬುದನ್ನು ಮೊದಲ ಸಲ ತಡವರಿಸದೆ ಓದಿದ ದಿನ ಡ್ರೈವರಣ್ಣ ನನಗೆ ಮಸಾಲೆ ದೋಸೆ ಕೊಡಿಸಿದ್ದ. ಹಾಗಾಗಿ ಶಾಲೆಯೊಂದೇ ಕಲಿಸುತ್ತದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಈಗಲೂ ಒಪ್ಪುವುದಿಲ್ಲ. ಇಷ್ಟು ಹೇಳಿ ಮುಂದುವರಿಯುತ್ತೇನೆ.

ಎರಡು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಭಾನುವಾರ. ಮಂಜು ಮೆಟ್ಟಿಲಿನವರೆಗೂ ಬಂದು ಕೂತಿತ್ತು. ನಾನು ಹೊಸಿಲ ಬಳಿ ಕೂತು ಎಲೆ ಕತ್ತರಿಸುವ ಕತ್ತರಿಗೆ ಸಾಣೆ ಹಿಡಿಯುತ್ತಿದ್ದೆ. ಆಗ ನನ್ನ ಮಗಳಿಗೆ ಹದಿನಾರು. ಹತ್ತನೇ ಕ್ಲಾಸಿನ ತನಕ ನಮ್ಮ ಊರಿನ ಸುತ್ತಮುತ್ತಲಿನ ಶಾಲೆಯಲ್ಲೇ ಓದಿ, ಪ್ರತಿ ವರ್ಷ ಮೊದಲನೆಯವಳಾಗಿ ಬಂದು, ಜೂನ್‌ನಲ್ಲಿ ಊಟಿಯ ದೊಡ್ಡ ಶಾಲೆಗೆ ಪ್ಲಸ್ ಒನ್ ಸೇರಿದ್ದಳು. ಸೈನ್ಸ್ ಗ್ರೂಪ್, ಅದೂ ಇಂಗ್ಲಿಷ್ ಮೀಡಿಯಂ. ಬಂದವಳು ನನ್ನ ಪಕ್ಕ ಕೂತಳು, ಸಾಣೆಕಲ್ಲಿಗೆ ನೀರು ಚಿಮುಕಿಸಿದಳು.

“ಅಪ್ಪ, ನಾಳೆಯಿಂದ ನಾನು ಶಾಲೆಗೆ ಹೋಗಲ್ಲ. ನಿನ್ನ ಜೊತೆ ತೋಟಕ್ಕೆ ಬರ್ತೀನಿ.”

ನಾನು ನಕ್ಕೆ. ಅವಳು ನಗಲಿಲ್ಲ. ಯಾಕೆ ಅಂದೆ. ಓದಿ ಆಗಬೇಕಾದ್ದೇನೂ ಇಲ್ಲ, ತೋಟ ನೋಡಿಕೊಳ್ಳುತ್ತೇನೆ ಅಂದಳು. ಓದು ಬಿಟ್ಟರೆ ಹೇಗೆ ಅಂದೆ. ಅವಳು ನನ್ನ ಮುಖವನ್ನೇ ನೋಡುತ್ತ, ಮದುವೆ ಮನೆಯ ನನ್ನ ದನಿಯಲ್ಲೇ, ಗಂಟಲನ್ನೂ ಸರಿಮಾಡಿಕೊಂಡು ಕೇಳಿದಳು:

“ನೀನು ಒಂಬತ್ತಕ್ಕೆ ಬಿಟ್ಟೆ. ನಿನಗೇನು ಕಡಿಮೆಯಾಗಿದೆ?”

ಅಡುಗೆ ಮನೆಯ ಬಾಗಿಲಲ್ಲಿ ನನ್ನ ಹೆಂಡತಿ ಸೌಟು ಹಿಡಿದು ನಿಂತಿದ್ದಳು. “ಹೇಳಿ, ಹೇಳಿ,” ಅಂದಳು, “ನಾನೂ ಬಹಳ ವರ್ಷದಿಂದ ಕೇಳಬೇಕು ಅಂತಿದ್ದೆ.”

ಕಲ್ಲುಕಟ್ಟೆಯ ಮೇಲೆ ಊರನ್ನೇ ಸುಮ್ಮನಾಗಿಸುವ ನಾನು ನನ್ನ ಮನೆಯ ಹೊಸಿಲಲ್ಲಿ ಆಗಲೇ ಹರಿತವಾಗಿದ್ದ ಕತ್ತರಿಗೆ ಮತ್ತೆ ಸಾಣೆ ಹಿಡಿಯತೊಡಗಿದೆ. ಬೇಡ ಅಂದರೆ ನನ್ನ ಬದುಕೇ ಬೇಡ ಅಂದಂತೆ. ಆಗಲಿ ಅಂದರೆ ಇವಳ ಓದು ಮುಗಿದಂತೆ. ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಬುದ್ಧಿವಂತ ಉಪಾಯ ಅಂತಲೇ ಆಗ ಅಂದುಕೊಂಡೆ. ಆಯಿತು, ಬಾ, ಆದರೆ ಮಗಳು ಅಂತ ಸಲಿಗೆ ಇಲ್ಲ, ಕೂಲಿಯವರ ಹಾಗೆ ಬಾ ಅಂದೆ. ಮಳೆಗಾಲದ ತೋಟ ಅಂದರೇನು ಅಂತ ಮೂರು ದಿನ ನೋಡಲಿ, ನಾಲ್ಕನೇ ದಿನ ಬ್ಯಾಗು ಹುಡುಕುತ್ತಾಳೆ ಅಂತ ನನ್ನ ಲೆಕ್ಕ.

ಮಾರನೆಯ ದಿನ ಅವಳಿಗೆ ತೋಟದ ಅತಿ ಕೆಟ್ಟ ಭಾಗ ಕೊಟ್ಟೆ. ಕೆಳಗಿನ ಅಂಚು, ಅಲ್ಲಿ ನಿಂತರೆ ಒಂದು ಕಾಲು ಇನ್ನೊಂದು ಕಾಲಿಗಿಂತ ಒಂದು ಮೊಳ ಮೇಲಿರುತ್ತದೆ. ಗಿಡಗಳೆಲ್ಲ ನೀರು ಹೊತ್ತು ನಿಂತಿರುತ್ತವೆ, ಹತ್ತಿರ ಹೋದರೆ ಸೊಂಟದಿಂದ ಕೆಳಗೆ ಅಷ್ಟೂ ನೆನೆಯುತ್ತದೆ. ನಮ್ಮಲ್ಲಿ ಎಲೆ ಕೀಳುವ ಹೆಂಗಸರು ಅದಕ್ಕೇ ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಳ್ಳುತ್ತಾರೆ. ಅವಳು ಹಳೆಯ ಗೊಬ್ಬರದ ಚೀಲ ಬಿಚ್ಚಿ ತಾನೇ ಒಂದು ಹೊಲಿದುಕೊಂಡು ಬಂದಿದ್ದಳು. ಜೇಬು ಬೇರೆ ಇಟ್ಟಿದ್ದಳು. ಎರಡನೇ ದಿನಕ್ಕೆ ಉಳಿದ ನಾಲ್ಕೂ ಹೆಂಗಸರ ಹಾಳೆಗೆ ಜೇಬು ಬಂದಿತ್ತು.

ಮೂರನೇ ದಿನ ಒಂದು ಕಾಟಿ ಬಂತು. ಕಾಡೆಮ್ಮೆ ನಮ್ಮ ತೋಟಗಳಿಗೆ ನೆಂಟರ ಹಾಗೆ, ಹೇಳದೆ ಬರುತ್ತದೆ. ಮಂಜಿನೊಳಗಿಂದ ಅದರ ಹಣೆ ಕಂಡದ್ದೇ, ನಾನು ಮೇಲಿನಿಂದ ಕೂಗುವ ಮೊದಲೇ ಇವಳು ಕೈಯೆತ್ತಿ ಹೆಂಗಸರನ್ನು ನಿಲ್ಲಿಸಿ, ಗಿಡಗಳ ಸಾಲಿಗೆ ಸರಿದು, ಅದಕ್ಕೆ ದಾರಿ ಬಿಟ್ಟಳು. ಅದು ಅವಳನ್ನೊಮ್ಮೆ ನೋಡಿ, ಮೂಗಿನಿಂದ ಉಸಿರು ಬಿಟ್ಟು, ಹಳ್ಳದ ಕಡೆ ಇಳಿದು ಹೋಯಿತು. ಅವಳು ಮತ್ತೆ ಎಲೆ ಕೀಳತೊಡಗಿದಳು. ಓಡಿ ಬರಲು ಹೊರಟು ಜಾರಿ ಬಿದ್ದವನು ನಾನೊಬ್ಬನೇ.

ನಾಲ್ಕನೇ ದಿನ ಬ್ಯಾಗು ಹುಡುಕಲಿಲ್ಲ. ಐದನೇ ದಿನ ಅವಳು ಮಾಡಿದ್ದನ್ನು ನೋಡಿ ನನಗೆ ಖುಷಿಯೂ ಆಯಿತು, ನನ್ನ ಲೆಕ್ಕ ತಪ್ಪಿತು ಅಂತಲೂ ಗೊತ್ತಾಯಿತು. ಕಿತ್ತ ಎಲೆಯನ್ನು ಬಲೆ ಚೀಲಗಳಲ್ಲಿ ತುಂಬಿ ರಸ್ತೆ ಬದಿಯ ಶೆಡ್ಡಿನಲ್ಲಿ ಇಟ್ಟಿರುತ್ತೇವೆ, ಮಧ್ಯಾಹ್ನ ಫ್ಯಾಕ್ಟರಿಯ ಗಾಡಿ ಬಂದು ಒಯ್ಯುತ್ತದೆ. ಒದ್ದೆ ಎಲೆಯನ್ನು ಒತ್ತಿ ತುಂಬಿದರೆ ಒಳಗೇ ಬಿಸಿಯಾಗಿ ಕೆಂಪಗಾಗುತ್ತದೆ, ಆಮೇಲೆ ಅದು ಚಹಾಕ್ಕಲ್ಲ, ಗೊಬ್ಬರಕ್ಕೆ. ಆ ದಿನ ಗಾಡಿ ತಡವಾಯಿತು. ನಾನು ಶೆಡ್ಡಿಗೆ ಹೋಗುವಷ್ಟರಲ್ಲಿ ಇವಳು ಒಂದೊಂದು ಚೀಲದೊಳಗೂ ಮೊಣಕೈವರೆಗೆ ಕೈ ತೂರಿಸಿ ನೋಡುತ್ತಿದ್ದಳು. ಎರಡು ಚೀಲ ಬೆಚ್ಚಗಾಗಿವೆ ಅಂತ ನೆಲದ ಮೇಲೆ ಸುರಿದು ಹರಡಿದ್ದಳು. ನಾನು ಕೈಯಿಟ್ಟು ನೋಡಿದೆ; ಸರಿಯಾಗಿಯೇ ಹೇಳಿದ್ದಳು. ಈ ಕೈ ನನಗೆ ಬರಲು ಆರು ವರ್ಷ ಹಿಡಿದಿತ್ತು. ಗಾಡಿಯ ಡ್ರೈವರ್ ನೋಡಿ, “ಅಣ್ಣ, ಇನ್ನು ನೀನು ಮನೆಯಲ್ಲೇ ಇರಬಹುದು,” ಅಂದ.

ಸಂಜೆ ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಹೇಳುವಾಗ ನನ್ನ ಮುಖ ಅರಳಿತ್ತಂತೆ. “ನೀವು ಅವಳನ್ನು ಹೆದರಿಸಲು ಕಳಿಸಿದ್ದಾ, ಹೊಗಳಲು ಕಳಿಸಿದ್ದಾ?” ಅಂತ ಕೇಳಿ ಅವಳು ಮಲಗಿಬಿಟ್ಟಳು.

ಎಂಟನೇ ದಿನ ಶಾಲೆಯಿಂದ ಫೋನು ಬಂತು. ಅವಳ ಕ್ಲಾಸ್ ಟೀಚರು. ಮೆತ್ತಗಿನ ದನಿ, ಆದರೆ ಮಾತು ನೇರ. ಶುಕ್ರವಾರದೊಳಗೆ ಹುಡುಗಿ ಬರದಿದ್ದರೆ ಹೆಸರು ತೆಗೆಯಬೇಕಾಗುತ್ತದೆ, ಬಿಡಿಸುವುದೇ ಆದರೆ ನೀವೇ ಬಂದು ಸಹಿ ಹಾಕಿ ಟಿ.ಸಿ. ತೆಗೆದುಕೊಂಡು ಹೋಗಿ ಅಂದರು. ಆಮೇಲೆ, ಒಳ್ಳೆಯ ಹುಡುಗಿ, ಏನಾಯಿತು ಅಂತ ಕೇಳಿದರು. ಗೊತ್ತಿಲ್ಲ ಅಂದೆ. ಅದೂ ನಿಜ. ಕೇಳಿದಾಗಲೆಲ್ಲ ಅವಳು ನನ್ನ ಮಾತನ್ನೇ ನನಗೆ ತಿರುಗಿಸಿ ಕೊಡುತ್ತಿದ್ದಳು, ಅದು ನನ್ನದೇ ಮಾತಾದ್ದರಿಂದ ಎದುರು ಹೇಳಲು ನನಗೆ ಬರುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ಇಸ್ತ್ರಿ ಅಂಗಿ ಹಾಕಿದೆ. ಸಹಿ ಹಾಕಲು ಹೊರಟವನ ಹಾಗೆ ಕಾಣುತ್ತಿದ್ದೆ, ಹಾಕಬೇಕೋ ಬೇಡವೋ ಅಂತ ತಿಳಿದಿರಲಿಲ್ಲ. ಮಗಳು ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ತೋಟಕ್ಕೆ ಸಿದ್ಧ.

ಇಲ್ಲಿ ನಮ್ಮವರ ಒಂದು ಪದ್ಧತಿ ಹೇಳಬೇಕು. ಹೊಸದಾಗಿ ಏನನ್ನೇ ಶುರು ಮಾಡುವಾಗ ನಮ್ಮಲ್ಲಿ ಮನೆಯ ಹಿರಿಯರ ಮುಂದೆ ತಲೆ ಬಗ್ಗಿಸುತ್ತೇವೆ. ಅವರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಅದು ಒಂದು ಮಾತಿನ ಹಾರೈಕೆಯಲ್ಲ. ಮನೆ ತುಂಬಲಿ, ದನ ತುಂಬಲಿ, ಆಯಸ್ಸು ತುಂಬಲಿ ಅಂತ ಉಸಿರು ಇರುವಷ್ಟೂ ಹೊತ್ತು ನಡೆಯುತ್ತದೆ. ಪರೀಕ್ಷೆಗೆ ಹೊರಟ ಮಗುವಿಗೂ ದನ ತುಂಬಲಿ ಅಂತಲೇ ಹರಸುವುದು. ನಮ್ಮ ಮನೆಯಲ್ಲಿ ಹಿರಿಯಳು ನನ್ನ ಅವ್ವ. ಮಗಳಿಗೆ ಅವಳು ಹೆತ್ತೆ. ನಮ್ಮ ಮಾತಿನಲ್ಲಿ ಅಜ್ಜಿಯನ್ನು ಹಾಗೆ ಕರೆಯುತ್ತೇವೆ. ನನ್ನ ಅವ್ವನಿಗೆ ತನ್ನದೇ ಒಂದು ಕ್ರಮ ಬೇರೆ. ಕೈಯಿಡುವ ಮೊದಲು ಕೇಳುತ್ತಾಳೆ, ಯಾವ ಕೆಲಸಕ್ಕೆ ಹೊರಟೆ ಅಂತ. ಪಿಕಪ್ ತಂದ ದಿನ ನನ್ನನ್ನೂ ಕೇಳಿದ್ದಳು, ಗಾಡಿಯನ್ನೂ ಕೇಳಿದ್ದಳು. ಬಗ್ಗಿಸಿದ ತಲೆಯಿಂದ ಅವಳಿಗೆ ಸುಳ್ಳು ಹೇಳಿದವರಿಲ್ಲ.

ಅವ್ವ ನಡುಮನೆಯ ಒಲೆಯ ಪಕ್ಕದ ಮಣೆಯ ಮೇಲೆ, ಬಿಳಿ ಸೀರೆಯ ಸೆರಗು ತಲೆಗೆ ಹೊದ್ದು ಕೂತಿದ್ದಳು. ಮಗಳು ಹೋಗಿ ತಲೆ ಬಗ್ಗಿಸಿದಳು. ಅವ್ವನ ಕೈ ಮಡಿಲಲ್ಲೇ ಇತ್ತು.

“ಯಾವ ಕೆಲಸಕ್ಕೆ ಹೊರಟೆ?”

“ತೋಟದ ಕೆಲಸಕ್ಕೆ, ಹೆತ್ತೆ.”

“ತೋಟಕ್ಕೆ ದಿನಾ ಹೋಗ್ತಿದ್ದೀಯ. ಇವತ್ತು ಯಾವ ಕೆಲಸಕ್ಕೆ?”

ಮಗಳು, ಶಾಲೆ ಬಿಡಲು ಅಂದಳು. ಯಾಕೆ ಬಿಡುತ್ತಿದ್ದೀಯ ಅಂತ ಅವ್ವ ಕೇಳಿದಳು. ಅಪ್ಪ ಬಿಟ್ಟಿದ್ದು ಯಾಕೋ ಅದಕ್ಕೇ ಅಂದಳು ಮಗಳು. ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದಳು. ಅವಳು ನಗುತ್ತಿದ್ದಾಳೆ ಅಂತ ಗೊತ್ತಾಗುವ ಹೊತ್ತಿಗೆ ನನಗೆ ಬೆವರು ಬಂದಿತ್ತು.

“ಅವನು ಯಾಕೆ ಬಿಟ್ಟ ಅಂತ ನಿನಗೆ ಗೊತ್ತಾ?”

“ಅಜ್ಜನ ಬೆನ್ನು ಬಗ್ಗೋದನ್ನ ನೋಡಕ್ಕಾಗದೆ.”

“ನಿನ್ನ ಅಜ್ಜನ ಬೆನ್ನು ಆಗ ಒನಕೆ ಇದ್ದ ಹಾಗಿತ್ತು,” ಅಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿದಳು. “ನೀನೂ ಬಾ. ಶಾಲೆ ಬಿಟ್ಟ ದಿನ ನನ್ನ ಮುಂದೆ ತಲೆ ಬಗ್ಗಿಸದೆ ಓಡಿಹೋದವನು ನೀನು. ಇವತ್ತು ಬಗ್ಗಿಸು.”

ನಾನು ಉಣ್ಣೆ ಟೋಪಿ ತೆಗೆದು ಮಗಳ ಪಕ್ಕ ತಲೆ ಬಗ್ಗಿಸಿದೆ. ಇಸ್ತ್ರಿ ಅಂಗಿ, ಪ್ಲಾಸ್ಟಿಕ್ ಹಾಳೆ, ಎರಡು ತಲೆ. ಅಡುಗೆ ಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಹೆಂಡತಿಯೂ ಕೇಳುತ್ತಿದ್ದಾಳೆ ಅಂತ ಅರ್ಥ. ಅವ್ವ ಕೇಳಿದಳು, ಆವತ್ತು ಯಾವ ಕೆಲಸಕ್ಕೆ ಹೊರಟಿದ್ದೆ ಅಂತ.

ನಾನು ಹೇಳಿದೆ. ನೆಲ ನೋಡುತ್ತಲೇ ಹೇಳಿದೆ.

ನಾನು ಒಂಬತ್ತನೇ ಕ್ಲಾಸಿನಲ್ಲಿ ಫೇಲಾಗಿದ್ದೆ. ಅದನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ. ಮತ್ತೆ ಅದೇ ಕ್ಲಾಸಿಗೆ ಕೂತಾಗ, ಎಂಟು ಮುಗಿಸಿದ ನನ್ನ ತಂಗಿ ಅದೇ ಕ್ಲಾಸಿಗೆ ಬಂದಳು. ನನಗಿಂತ ಒಂದು ವರ್ಷ ಚಿಕ್ಕವಳು, ನನಗಿಂತ ಹತ್ತು ಪಾಲು ಚುರುಕು. ಅರ್ಧ ವರ್ಷ ತಡೆದುಕೊಂಡೆ. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಮೇಷ್ಟ್ರು, ಐವತ್ತು ಅಂಕದ ಟೆಸ್ಟು ಬರೆಸಿದ ಗಣಿತದ ನೋಟ್‌ಬುಕ್ಕುಗಳನ್ನು ತಿದ್ದುವ ಕೆಲಸವನ್ನು ಕ್ಲಾಸಿಗೆ ಮೊದಲನೆಯವಳಾದ ಅವಳಿಗೇ ಕೊಟ್ಟರು. ಅವಳು ಪ್ರಾಮಾಣಿಕವಾಗಿ ತಿದ್ದಿದಳು. ಐವತ್ತಕ್ಕೆ ನಾಲ್ಕು. ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಮೇಷ್ಟ್ರುಗಳು ಬರೆಯುವ ಹಾಗೇ ಅಡಿಯಲ್ಲಿ ‘ಮುಂದೆ ಚೆನ್ನಾಗಿ ಮಾಡು’ ಅಂತ ಬರೆದಿದ್ದಳು. ಅಣ್ಣನಿಗೆ. ನಾನು ಆ ಪುಸ್ತಕವನ್ನು ಹಳ್ಳಕ್ಕೆ ಎಸೆದೆ. ಎರಡು ದಿನ ಶಾಲೆಯ ಹೊತ್ತನ್ನು ಕಾಡಂಚಿನಲ್ಲಿ ಕಳೆದೆ. ಮೂರನೇ ದಿನ ಯಾರೂ ಕೇಳದಿದ್ದರೂ ಅಪ್ಪನ ಗುದ್ದಲಿ ಹೊತ್ತು ಹೊಲಕ್ಕೆ ಹೋದೆ. ಅಪ್ಪನ ಬೆನ್ನಿನ ಕತೆ ಆಮೇಲೆ ಹುಟ್ಟಿದ್ದು. ಹೇಳಿ ಹೇಳಿ ನನಗೇ ಅದು ನಿಜವಾಗಿತ್ತು. ತಂಗಿ ಈಗ ಕೊಯಮತ್ತೂರಿನಲ್ಲಿ ನರ್ಸು. ಹಬ್ಬಕ್ಕೆ ಬಂದಾಗ ಶಾಲೆಯ ಮಾತೆತ್ತಿದರೆ ನಾನು ದನಕ್ಕೆ ಹುಲ್ಲು ಹಾಕಲು ಎದ್ದು ಹೋಗುತ್ತೇನೆ.

ಹೇಳಿ ಮುಗಿಸಿದಾಗ ನನ್ನ ಪಕ್ಕದ ತಲೆ ಅಲ್ಲಾಡುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು. ಪ್ಲಾಸ್ಟಿಕ್ ಹಾಳೆ ಪರಪರ ಅನ್ನುವಷ್ಟು ನಗುತ್ತಿದ್ದಳು. “ಮುಂದೆ ಚೆನ್ನಾಗಿ ಮಾಡು” ಅನ್ನುತ್ತಿದ್ದಳು, ಮತ್ತೆ ನಗುತ್ತಿದ್ದಳು. ಅಡುಗೆ ಮನೆಯಿಂದಲೂ ಒಂದು ನಗು ಬಂತು. ನನ್ನ ಮೂವತ್ತು ವರ್ಷದ ಮರ್ಯಾದೆ ಒಲೆಯ ಮುಂದೆ ಬೂದಿಯಾಯಿತು ಅಂದುಕೊಂಡೆ. ಅಷ್ಟರಲ್ಲಿ ಅವಳ ನಗು ನಿಂತು, ತಲೆ ಎತ್ತದೆಯೇ ಹೇಳಿದಳು:

“ನನಗೆ ಏಳು, ಅಪ್ಪ. ಫಿಸಿಕ್ಸ್. ಐವತ್ತಕ್ಕೆ ಏಳು.”

ಮೊದಲ ಪರೀಕ್ಷೆ. ಹತ್ತು ವರ್ಷ ತಮಿಳಿನಲ್ಲಿ ಓದಿದವಳಿಗೆ ಪಾಠವೆಲ್ಲ ಇಂಗ್ಲಿಷ್. ಪ್ರಶ್ನೆಯೇ ಅರ್ಥವಾಗಿರಲಿಲ್ಲ. ಕ್ಲಾಸಿನಲ್ಲಿ ಅವಳದೇ ಕಡಿಮೆ. ಪಕ್ಕದ ಹುಡುಗಿ ಎಷ್ಟು ಅಂತ ಕೇಳಿದಾಗ ಉತ್ತರಪತ್ರಿಕೆಯನ್ನು ಮಡಚಿ ಊಟದ ಡಬ್ಬಿಯೊಳಗೆ ಹಾಕಿ ಮುಚ್ಚಿದಳಂತೆ. ಆ ದಿನ ಡಬ್ಬಿ ಊಟವನ್ನೂ ಮಾಡಲಿಲ್ಲ. ಹುಟ್ಟಿದಾಗಿನಿಂದ ಮೊದಲನೆಯವಳಾಗಿ ಅಭ್ಯಾಸವಾದವಳಿಗೆ ಕೊನೆಯವಳಾಗಿ ಹೇಗೆ ಕೂರಬೇಕು ಅಂತ ಗೊತ್ತಾಗಲಿಲ್ಲ. ಆಗ ನನ್ನ ಮಾತು ನೆನಪಾಯಿತಂತೆ, ನನಗೇನು ಕಡಿಮೆಯಾಗಿದೆ ಅನ್ನುವುದು.

ನಾನು ಹಳ್ಳಕ್ಕೆ ಎಸೆದದ್ದನ್ನು ಇವಳು ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಳು, ಅಷ್ಟೇ ವ್ಯತ್ಯಾಸ. ಅವ್ವ ಮಾತ್ರ ಏನೂ ಆಗದವಳ ಹಾಗೆ, “ಏಳು ಬಂತಲ್ಲ. ಇವನಿಗೆ ನಾಲ್ಕು. ಮನೆತನ ಮುಂದೆ ಬರ್ತಿದೆ,” ಅಂದಳು. ಈ ಸಲ ನಾನೇ ಮೊದಲು ನಕ್ಕೆ.

ನಕ್ಕು ಸುಧಾರಿಸಿಕೊಂಡ ಮೇಲೆ ನನಗೆ ತಿಳಿದದ್ದನ್ನು ಅವಳಿಗೆ ಹೇಳಿದೆ. ತೋಟ ಅವಳಿಗೆ ಒಗ್ಗುತ್ತದೆ, ಅವಳ ಕೈ ನನಗಿಂತ ಒಳ್ಳೆಯ ಕೈ. ಅದನ್ನು ಸುಳ್ಳಾಗಿ ಅಲ್ಲಗಳೆಯಲಾರೆ. ಶಾಲೆ ಬಿಟ್ಟವರೆಲ್ಲ ಕೆಟ್ಟುಹೋಗುತ್ತಾರೆ ಅಂತಲೂ ಹೇಳಲಾರೆ, ನಾನು ಕೆಟ್ಟಿಲ್ಲ. ಆದರೆ ನಾನು ತೋಟಕ್ಕೆ ಬಂದದ್ದಲ್ಲ, ಶಾಲೆಯಿಂದ ಓಡಿದ್ದು. ಓಡಿದವನಿಗೆ ಎಷ್ಟೇ ಕೆಲಸ ಮಾಡಿದರೂ ಹಿಂದೆ ಯಾರೋ ಬರುತ್ತಿದ್ದಾರೆ ಅನ್ನಿಸುತ್ತಲೇ ಇರುತ್ತದೆ, ಅದಕ್ಕೇ ಕಂಡ ಮದುವೆಯಲ್ಲೆಲ್ಲ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತದೆ. ಇಷ್ಟು ಉದ್ದ ಮಾತನ್ನು ತಲೆ ಬಗ್ಗಿಸಿ ಹೇಳಿ ನನ್ನ ಕುತ್ತಿಗೆ ಹಿಡಿದುಕೊಂಡಿತು.

ಅವ್ವ ಮತ್ತೆ ಮಗಳನ್ನು ಕೇಳಿದಳು. “ಈಗ ಹೇಳು. ಯಾವ ಕೆಲಸಕ್ಕೆ ಹೊರಟೆ?”

ಒಲೆಯ ಮೇಲಿನ ಹಾಲು ಉಕ್ಕಿತು. ಹೆಂಡತಿ ಬಂದು ಅದನ್ನು ಇಳಿಸಿ, ಹೋಗದೆ ಅಲ್ಲೇ ನಿಂತಳು.

“ಶಾಲೆಗೆ,” ಅಂದಳು ಮಗಳು. “ಅರ್ಧವಾರ್ಷಿಕದ ತನಕ. ಆಮೇಲೂ ಬಿಡಬೇಕು ಅನ್ನಿಸಿದ್ರೆ ಇಲ್ಲೇ ಬಂದು ಹೇಳಿ ಬಿಡ್ತೀನಿ, ಓಡಲ್ಲ. ಮತ್ತೆ ಭಾನುವಾರದ ಎಲೆ ನನ್ನದು. ಕೆಳಗಿನ ಅಂಚು ಬೇಡ, ಮೇಲಿನ ಭಾಗ.”

ಅವ್ವನ ಎರಡು ಕೈಯೂ ಮೇಲೆ ಬಂದವು, ಒಂದೊಂದು ತಲೆಗೆ ಒಂದೊಂದು. ಮನೆ ತುಂಬಲಿ, ದನ ತುಂಬಲಿ ಅಂತ ಶುರುವಾಯಿತು. ನನಗೆ ಸೇರಬೇಕಾದ ಹಳೆಯದನ್ನೂ ಸೇರಿಸಿ ಹರಸಿದಳೋ ಏನೋ, ಮುಗಿಯಲೇ ಇಲ್ಲ. ಎಂಟು ಗಂಟೆಯ ಬಸ್ಸು ತಪ್ಪಿತು.

ಪಿಕಪ್‌ನಲ್ಲೇ ಹೋದೆವು. ಲವ್‌ಡೇಲ್ ದಾಟುವ ತನಕ ಅವಳು ಯೂನಿಫಾರ್ಮಿನ ಮಡಿಕೆಯನ್ನು ಬೆರಳಲ್ಲಿ ಒತ್ತುತ್ತಿದ್ದಳು. ಶಾಲೆಯ ಬಾಗಿಲಲ್ಲಿ ಗಾಡಿ ನಿಲ್ಲಿಸಿದಾಗ, ಒಳಗೆ ಬಾ ಅಪ್ಪ ಅಂದಳು. ನಾನು ಶಾಲೆಯೊಳಗೆ ಕಾಲಿಡದೆ ಎಷ್ಟೋ ವರ್ಷವಾಗಿತ್ತು. ಅವಳನ್ನು ಸೇರಿಸಿದ್ದೂ ಹೆಂಡತಿಯೇ. ಕ್ಲಾಸ್ ಟೀಚರು ನನ್ನ ಮಗಳಿಗಿಂತ ಒಂದು ಏಳೆಂಟು ವರ್ಷ ದೊಡ್ಡವರಿರಬಹುದು. ನಾನು ಟೋಪಿ ಕೈಯಲ್ಲಿ ಹಿಡಿದು ನಿಂತೆ. ಸಹಿ ಹಾಕಲು ಬಂದಿಲ್ಲ, ಮಗಳನ್ನು ಶಾಲೆಗೆ ಬಿಡಲು ಬಂದಿದ್ದೇನೆ ಅಂದೆ. ಅವರು ಸಂತೋಷಪಟ್ಟರು. ಶನಿವಾರ ಸ್ವಲ್ಪ ಹೊತ್ತು ಕೂರಿಸಿ ಫಿಸಿಕ್ಸನ್ನು ತಮಿಳಿನಲ್ಲಿ ಬಿಡಿಸಿ ಹೇಳುತ್ತೇನೆ, ಮೂರು ಮಕ್ಕಳು ಹೀಗೇ ಬರುತ್ತಿದ್ದಾರೆ ಅಂದರು. ಮೂರು ಮಕ್ಕಳು ಅಂದಾಗ ಮಗಳು ತಲೆಯೆತ್ತಿ ನೋಡಿದ್ದನ್ನು ನಾನು ಕಂಡೆ.

ಆಮೇಲೆ ಅವರು ಸುಮ್ಮನೆ, ಮಾತಿಗೆ ಅಂತ, ನೀವು ಎಷ್ಟು ಓದಿದ್ದೀರಿ ಸಾರ್ ಅಂತ ಕೇಳಿದರು. ನನ್ನ ಗಂಟಲು ಅಭ್ಯಾಸಬಲದಿಂದ ತಾನೇ ಸರಿಯಾಗತೊಡಗಿತು.

“ಒಂಬತ್ತು,” ಅಂದೆ. ಅಲ್ಲಿಗೆ ನಿಲ್ಲಿಸಿದೆ.

“ಒಂದೂವರೆ ಸಲ, ಮಿಸ್,” ಅಂದಳು ನನ್ನ ಮಗಳು. “ನಮ್ಮ ಕಡೆ ಒಂಬತ್ತನ್ನ ಇವರಷ್ಟು ಓದಿದವರು ಯಾರೂ ಇಲ್ಲ.”

ಅಂದು ಸಂಜೆ ತಂಗಿಗೆ ಫೋನು ಮಾಡಿದೆ. ಹಬ್ಬವಿಲ್ಲದೆ ನಾನು ಫೋನು ಮಾಡುವವನಲ್ಲ, ಅವ್ವನಿಗೆ ಏನಾಯಿತು ಅಂತ ಹೆದರಿದಳು. ಏನೂ ಇಲ್ಲ ಅಂದೆ. ಗಣಿತದ ನೋಟ್‌ಬುಕ್ಕಿನ ಅಡಿಯಲ್ಲಿ ನೀನು ಒಂದು ಮಾತು ಬರೆದಿದ್ದೆ, ನೆನಪಿದೆಯಾ ಅಂದೆ. ನೆನಪಿದೆ, ಅದನ್ನು ಬರೆದದ್ದಕ್ಕೆ ಇಷ್ಟು ವರ್ಷವೂ ನೊಂದುಕೊಂಡಿದ್ದೇನೆ ಅಂದಳು. ಆಮೇಲೆ ಮೂಗು ಒರೆಸಿಕೊಂಡ ಸದ್ದಾಗಿ, “ಮಾಡಿದೆಯಲ್ಲ, ಅಣ್ಣ. ಚೆನ್ನಾಗೇ ಮಾಡಿದೆ,” ಅಂದಳು. ನಾನು ದನಕ್ಕೆ ಹುಲ್ಲು ಹಾಕಲು ಎದ್ದೆ.

ಅರ್ಧವಾರ್ಷಿಕಕ್ಕೆ ಮಗಳಿಗೆ ಫಿಸಿಕ್ಸಿನಲ್ಲಿ ಐವತ್ತಕ್ಕೆ ಇಪ್ಪತ್ತೆಂಟು ಬಂತು. ಆ ದಿನ ಅವಳು ಅವ್ವನ ಮುಂದೆ ತಲೆ ಬಗ್ಗಿಸಲು ಬರುತ್ತಾಳೇನೋ ಅಂತ ನಾನು ಒಲೆಯ ಬಳಿಯೇ ಕಾದು ಕೂತಿದ್ದೆ. ಬಂದಳು, ಹೆತ್ತೆಯ ಪಕ್ಕ ಕೂತು ಚಹಾ ಕುಡಿದಳು, ಎದ್ದು ಓದಲು ಹೋದಳು. ಈಗ ಪ್ಲಸ್ ಟೂ ಮುಗಿಸಿದ್ದಾಳೆ. ಮುಂದೇನು ಅಂತ ಕೇಳಿದರೆ, ಎಲೆ ಯಾಕೆ ಚೀಲದೊಳಗೆ ಬಿಸಿಯಾಗುತ್ತದೆ ಅಂತ ಕಲಿಸುವ ಕಾಲೇಜು ಯಾವುದಿದೆಯೋ ಅಲ್ಲಿಗೆ ಅನ್ನುತ್ತಾಳೆ. ಅಂಥ ಓದು ಇದೆಯಂತೆ. ಎಲೆಯೊಳಗೆ ಕೈ ತೂರಿಸಿ ತಿಳಿಯುವುದನ್ನು ಪುಸ್ತಕದಲ್ಲಿ ಏನು ಬರೆದಿರುತ್ತಾರೋ, ನನಗೂ ನೋಡುವ ಆಸೆ.

ಕಲ್ಲುಕಟ್ಟೆಯ ಮೇಲೆ ನಾನು ಈಗಲೂ ಕೂರುತ್ತೇನೆ, ಓದಿನ ಮಾತು ಬಂದರೆ ಈಗಲೂ ಗಂಟಲು ಸರಿಮಾಡಿಕೊಳ್ಳುತ್ತೇನೆ. ಹೇಳುವ ಕತೆ ಮಾತ್ರ ಬೇರೆ: ಕೆಂಪು ಶಾಯಿ, ಹಳ್ಳ, ಐವತ್ತಕ್ಕೆ ನಾಲ್ಕು. ಜನ ಮೊದಲಿನ ಹಾಗೆ ತಲೆಯಾಡಿಸುವುದಿಲ್ಲ, ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾಲ್ಕನೇ ಸಲ ಕೇಳುತ್ತಿರುವವರೂ ನಗುತ್ತಾರೆ.